ಪಾಯಿಂಟ್ ಗಾರ್ಡ್‌ಗಳ ಸುಗ್ಗಿ: ಫಸಲು ಜಾಸ್ತಿಯಾದಾಗ ಬೆಲೆ ಯಾರ ಕೈಲಿ?

2025ರ ಜೂನ್ 23, ಸೋಮವಾರ. ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟು ಎದ್ದವರಿಗೆ ಆ ದೃಶ್ಯ ಮರೆತಿರಲ್ಲ. ಎನ್‌ಬಿಎ ಫೈನಲ್‌ನ ಏಳನೇ ಪಂದ್ಯ. ಮೊದಲ ಕ್ವಾರ್ಟರ್ ಇನ್ನೂ ಮುಗಿದಿಲ್ಲ. ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಮುನ್ನುಗ್ಗಲು ಬಲಗಾಲು ಊರಿದರು, ಬಿದ್ದರು, ನೋವಿಗೆ ನೆಲಕ್ಕೆ ಕೈ ಬಡಿದರು. ಮೀನಖಂಡದ ಪೆಟ್ಟು ಇಟ್ಟುಕೊಂಡೇ ಆಡಲು ಇಳಿದಿದ್ದರು. ಈಗ ಅಕಿಲಿಸ್ ಟೆಂಡನ್ ಹರಿದಿತ್ತು. ಓಕ್ಲಹೋಮಾ ಸಿಟಿ ಥಂಡರ್ ಕಪ್ ಎತ್ತಿತು. ಹ್ಯಾಲಿಬರ್ಟನ್ 2025-26ರ ಇಡೀ ಸೀಸನ್ ಆಡಲ್ಲ ಅಂತ ತಂಡ ಜುಲೈನಲ್ಲೇ ಹೇಳಿಬಿಟ್ಟಿತು.

ಹೀಗೆ ತಂಡವನ್ನು ಫೈನಲ್‌ವರೆಗೆ ಹೊತ್ತು ತಂದವರು, ಫೈನಲ್‌ನ ಮೊದಲ ಪಂದ್ಯವನ್ನು 0.3 ಸೆಕೆಂಡ್ ಉಳಿದಿರುವಾಗ ಗೆದ್ದುಕೊಟ್ಟವರು, ಅದೇ ವರ್ಷದ ಆಲ್-ಸ್ಟಾರ್ ಪಟ್ಟಿಯಲ್ಲೇ ಇರಲಿಲ್ಲ. ಯಾಕೆ ಅಂದ್ರೆ ಜಾಗ ಇರಲಿಲ್ಲ. ಕರಿ, ಶೇ ಗಿಲ್ಜಸ್-ಅಲೆಕ್ಸಾಂಡರ್, ಹಾರ್ಡನ್, ಕೈರಿ ಇರ್ವಿಂಗ್, ಬ್ರನ್ಸನ್, ಲಿಲ್ಲಾರ್ಡ್, ಕೇಡ್ ಕನಿಂಗ್‌ಹ್ಯಾಮ್, ಗಾರ್ಲಂಡ್, ಟ್ರೇ ಯಂಗ್. ಚೆಂಡು ಹಿಡಿದು ತಂಡ ನಡೆಸುವವರೇ ಒಂಬತ್ತು ಜನ ಆ ಪಟ್ಟಿಯಲ್ಲಿದ್ದರು. ಹೊರಗುಳಿದವರಲ್ಲಿ ಹ್ಯಾಲಿಬರ್ಟನ್ ಅಲ್ಲದೆ ಫಾಕ್ಸ್, ಮೊರಾಂಟ್, ಮ್ಯಾಕ್ಸಿ, ಲಮೆಲೋ ಬಾಲ್ ಇದ್ದರು. 2023ರಲ್ಲಿ ಡೆನ್ವರ್ ಪರ ಚಾಂಪಿಯನ್ ಆದ ಜಮಾಲ್ ಮರ್ರೆ ಅಲ್ಲಿಯತನಕ ಒಮ್ಮೆಯೂ ಆಲ್-ಸ್ಟಾರ್ ಆಗಿರಲಿಲ್ಲ.

ಬಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಪಾಯಿಂಟ್ ಗಾರ್ಡ್ ಅಂದ್ರೆ ಚೆಂಡನ್ನು ಅಂಕಣದ ಈ ಕಡೆಯಿಂದ ಆ ಕಡೆಗೆ ತಂದು, ಯಾರು ಎಲ್ಲಿ ನಿಲ್ಲಬೇಕು, ಚೆಂಡು ಯಾರಿಗೆ ಹೋಗಬೇಕು ಅಂತ ತೀರ್ಮಾನಿಸುವ ಆಟಗಾರ. ಆರೂಮುಕ್ಕಾಲು, ಏಳು ಅಡಿ ಎತ್ತರದವರ ಲೋಕದಲ್ಲಿ ಆರಡಿ ಚಿಲ್ಲರೆಯ ಮನುಷ್ಯನಿಗೆ ಮೊದಲಿಂದಲೂ ಬಾಗಿಲು ತೆರೆದಿದ್ದ ಜಾಗ ಇದೊಂದೇ.

ಈ ಜಾಗದಲ್ಲಿ ಈಗ ಪ್ರತಿಭೆಯ ಸುಗ್ಗಿ. ಅಮೆರಿಕದ ವಿಶ್ಲೇಷಕರು ಇದನ್ನು ಸುವರ್ಣಯುಗ ಅಂತಾರೆ, ಆಟ ನೋಡೋರಿಗೆ ಅದು ನಿಜ ಕೂಡ. ಆದರೆ ಕೋಲಾರದ ಟೊಮೆಟೊ ಬೆಳೆಗಾರರನ್ನು ಕೇಳಿ: ಫಸಲು ತುಂಬಿ ಬಂದ ವರ್ಷವೇ ಬೆಲೆ ನೆಲ ಕಚ್ಚೋದು. ಎನ್‌ಬಿಎಯಲ್ಲಿ ಆಗ್ತಿರೋದೂ ಹೆಚ್ಚುಕಮ್ಮಿ ಅದೇ. ಇಲ್ಲಿ ಬೆಲೆ ಬೀಳಿಸುತ್ತಿರೋದು ಮಾರುಕಟ್ಟೆಯಷ್ಟೇ ಅಲ್ಲ, ಒಂದು ಒಪ್ಪಂದ. ಅದಕ್ಕೆ ಸಹಿ ಹಾಕಿದವರಲ್ಲಿ ಪಾಯಿಂಟ್ ಗಾರ್ಡ್‌ಗಳ ಪ್ರತಿನಿಧಿಗಳೂ ಇದ್ದಾರೆ.

ಮೊದಲು, ಇಷ್ಟೊಂದು ಜನ ಎಲ್ಲಿಂದ ಬಂದರು? ಒಂದು ದೊಡ್ಡ ಕಾರಣ 2004ರಲ್ಲಿದೆ. ಚೆಂಡು ಹಿಡಿದವನ ಸೊಂಟಕ್ಕೆ ಕೈಯಿಟ್ಟು ತಡೆಯುವ 'ಹ್ಯಾಂಡ್-ಚೆಕ್ಕಿಂಗ್'ಗೆ 2004-05ರ ಸೀಸನ್‌ನಿಂದ ಲೀಗ್ ಬಿಗಿ ಹಾಕಿತು. ಬಲವಾದ ಮೈಯಿಲ್ಲದ, ಚುರುಕು ಕಾಲಿನ ಆಟಗಾರನಿಗೆ ದಾರಿ ತೆರೆಯಿತು. 2005, 2006ರ ಎಂವಿಪಿ ಪ್ರಶಸ್ತಿ ಎರಡೂ ಸ್ಟೀವ್ ನ್ಯಾಶ್ ಪಾಲಾದವು. ಆಮೇಲೆ ಬಂದವರು ಸ್ಟೆಫ್ ಕರಿ, ಆರಡಿ ಎರಡಿಂಚು. 2009ರ ಡ್ರಾಫ್ಟ್‌ನಲ್ಲಿ ಮಿನ್ನೆಸೋಟಾ ತಂಡ ಐದನೇ, ಆರನೇ ಆಯ್ಕೆಗಳಲ್ಲಿ ಬೆನ್ನುಬೆನ್ನಿಗೆ ಇಬ್ಬರು ಪಾಯಿಂಟ್ ಗಾರ್ಡ್‌ಗಳನ್ನು ಆರಿಸಿ, ಏಳನೇ ಜಾಗದಲ್ಲಿದ್ದ ಕರಿಯನ್ನು ಗೋಲ್ಡನ್ ಸ್ಟೇಟ್‌ಗೆ ಬಿಟ್ಟುಕೊಟ್ಟ ಕತೆಯನ್ನು ಜನ ಇವತ್ತಿಗೂ ಹೇಳಿಕೊಂಡು ನಗ್ತಾರೆ. ಆ ಇಬ್ಬರಲ್ಲಿ ಒಬ್ಬರಾದ ಜಾನಿ ಫ್ಲಿನ್ ಎನ್‌ಬಿಎಯಲ್ಲಿ ಆಡಿದ್ದು ಮೂರೇ ಸೀಸನ್. ಮೂವತ್ತು ಅಡಿ ದೂರದಿಂದ ಚೆಂಡೆಸೆಯೋದನ್ನು ಟಿವಿಯಲ್ಲಿ ನೋಡಿ ಬೆಳೆದ ಮಕ್ಕಳು ಈಗ ಲೀಗ್‌ನಲ್ಲಿದ್ದಾರೆ. ಈ ಕಸುಬು ಕಲಿತವರು ಕುಳ್ಳರು ಮಾತ್ರ ಅಲ್ಲ ಅನ್ನೋದೇ ಮುಂದಿನ ಕತೆಗೆ ಮುಖ್ಯ.

2018ರ ಡ್ರಾಫ್ಟ್ ನೋಡಿ. ಮೂರನೇ ಆಯ್ಕೆ ಲುಕಾ ಡಾನ್ಚಿಚ್, ಐದನೇ ಆಯ್ಕೆ ಟ್ರೇ ಯಂಗ್. ಇಬ್ಬರನ್ನೂ ಅದೇ ರಾತ್ರಿ ಅಟ್ಲಾಂಟಾ, ಡಲ್ಲಾಸ್ ಅದಲುಬದಲು ಮಾಡಿಕೊಂಡವು. ಹನ್ನೊಂದನೇ ಆಯ್ಕೆ ಶೇ ಗಿಲ್ಜಸ್-ಅಲೆಕ್ಸಾಂಡರ್. ಮೂವತ್ತಮೂರನೇ ಆಯ್ಕೆ, ಅಂದರೆ ಎರಡನೇ ಸುತ್ತಿನಲ್ಲಿ, ಜೇಲನ್ ಬ್ರನ್ಸನ್. ಒಂದೇ ವರ್ಷದ ನಾಲ್ಕು ಪಾಯಿಂಟ್ ಗಾರ್ಡ್‌ಗಳು. 2025 ಮುಗಿಯುವಷ್ಟರಲ್ಲಿ ನಾಲ್ವರದೂ ನಾಲ್ಕು ದಾರಿ.

ಶೇ ಆರಡಿ ಆರಿಂಚು. 2024-25ರಲ್ಲಿ ಪಂದ್ಯಕ್ಕೆ ಸರಾಸರಿ 32.7 ಅಂಕ, ಎಂವಿಪಿ, ಫೈನಲ್ಸ್ ಎಂವಿಪಿ, ಜುಲೈನಲ್ಲಿ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್‌ನ ಒಪ್ಪಂದ ವಿಸ್ತರಣೆ. ಡಾನ್ಚಿಚ್ ಇನ್ನೂ ದೊಡ್ಡ ಆಳು. ಆದರೂ 2025ರ ಫೆಬ್ರುವರಿಯ ಒಂದು ರಾತ್ರಿ, ಅವರಿಗೇ ಗೊತ್ತಿಲ್ಲದೆ, ಡಲ್ಲಾಸ್ ಅವರನ್ನು ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ತಂಡ ಬದಲಾದ ಕಾರಣಕ್ಕೆ, ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ತರಬಹುದಾಗಿದ್ದ 'ಸೂಪರ್‌ಮ್ಯಾಕ್ಸ್' ಅರ್ಹತೆಯೂ ಹೋಯಿತು. ತಾನು ಕೇಳದ ವರ್ಗಾವಣೆಗೆ ತಾನೇ ದಂಡ ತೆರೋದು!

ಬ್ರನ್ಸನ್ ಆರಡಿ ಎರಡಿಂಚು. 2024ರ ಜುಲೈನಲ್ಲಿ ನ್ಯೂಯಾರ್ಕ್ ನಿಕ್ಸ್ ಜೊತೆ ನಾಲ್ಕು ವರ್ಷಕ್ಕೆ 15.65 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಒಂದು ವರ್ಷ ಕಾದಿದ್ದರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಕೇಳಬಹುದಿತ್ತು. ಪತ್ರಿಕೆಗಳೆಲ್ಲ 'ತ್ಯಾಗ' ಅಂತ ಬರೆದವು. ತಂಡ 2000ದ ನಂತರ ಮೊದಲ ಬಾರಿಗೆ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ ತಲುಪಿತು, ಆ ಲೆಕ್ಕದಲ್ಲಿ ಅದು ಫಲ ಕೊಟ್ಟ ತ್ಯಾಗವೂ ಹೌದು. ಇನ್ನು ಟ್ರೇ ಯಂಗ್. ಇಪ್ಪತ್ತೆರಡನೇ ವಯಸ್ಸಿಗೇ ಅಟ್ಲಾಂಟಾವನ್ನು ಅದೇ ಘಟ್ಟಕ್ಕೆ ಕೊಂಡೊಯ್ದವರು. 2024-25ರಲ್ಲಿ ಪಂದ್ಯಕ್ಕೆ 11.6 ಅಸಿಸ್ಟ್, ಲೀಗ್‌ನಲ್ಲೇ ಎಲ್ಲರಿಗಿಂತ ಹೆಚ್ಚು. ಹೊಸ ಸೀಸನ್ ಶುರುವಾದಾಗ ಅವರ ಕೈಯಲ್ಲಿ ಒಪ್ಪಂದ ವಿಸ್ತರಣೆ ಇರಲಿಲ್ಲ.

ಯಂಗ್ ಡಿಫೆನ್ಸ್‌ನಲ್ಲಿ ದುರ್ಬಲ, ಅದು ಸತ್ಯ. ಪ್ಲೇಆಫ್‌ನಲ್ಲಿ ಎದುರಾಳಿ ತಂಡ ಸಣ್ಣ ಗಾರ್ಡನ್ನು ಹುಡುಕಿ ಹುಡುಕಿ ಅವನ ಮೇಲೇ ದಾಳಿ ಮಾಡುತ್ತೆ. ಆದರೆ ಹತ್ತು ವರ್ಷದ ಹಿಂದೆಯೂ ಈ ದೌರ್ಬಲ್ಯ ಇತ್ತಲ್ಲ? ಆಗ ತಂಡಗಳು ಸಹಿಸಿಕೊಳ್ತಿದ್ದವು, ಆ ಕೆಲಸ ಬಲ್ಲವರು ಬೇರೆ ಸಿಗ್ತಿರಲಿಲ್ಲ. ಈಗ ಆರಡಿ ಆರಿಂಚಿನ ಶೇ, ಕನಿಂಗ್‌ಹ್ಯಾಮ್ ಅದೇ ಕೆಲಸ ಮಾಡ್ತಾರೆ. ಡೆನ್ವರ್‌ನಲ್ಲಿ ನಿಕೋಲಾ ಯೋಕಿಚ್ ಅನ್ನೋ ಸೆಂಟರ್ ಆಟಗಾರನೇ ಪಾಸ್ ಕೊಟ್ಟು ಆಟ ನಡೆಸ್ತಾನೆ. ಕೆಲಸ ಉಳಿಯಿತು, ಅದು ಕುಳ್ಳರಿಗೇ ಮೀಸಲು ಅನ್ನೋ ಕಾಲ ಹೋಯ್ತು.

ಈಗ ದುಡ್ಡಿನ ವಿಷಯ. ಕಥೆಯ ನಿಜವಾದ ರಾಜಕೀಯ ಇರೋದು ಇಲ್ಲೇ, ಸ್ವಲ್ಪ ತಾಳ್ಮೆಯಿಂದ ಓದಿ. ಎನ್‌ಬಿಎ ಆದಾಯದಲ್ಲಿ ಸುಮಾರು ಅರ್ಧಪಾಲು ಆಟಗಾರರಿಗೆ ಸಲ್ಲಬೇಕು ಅಂತ ಮಾಲೀಕರಿಗೂ ಆಟಗಾರರ ಯೂನಿಯನ್‌ಗೂ ಒಪ್ಪಂದವಿದೆ. ಅದರ ಮೇಲೆ ಪ್ರತಿ ತಂಡಕ್ಕೂ ಸ್ಯಾಲರಿ ಕ್ಯಾಪ್: 2025-26ಕ್ಕೆ ಸುಮಾರು 15.46 ಕೋಟಿ ಡಾಲರ್. ಸ್ಟಾರ್ ಒಬ್ಬರಿಗೆ ಸೇವಾವಧಿ ನೋಡಿ ಕ್ಯಾಪ್‌ನ ಶೇ 25ರಿಂದ ಶೇ 35ರವರೆಗೆ ಕೊಡಬಹುದು. ಕ್ಯಾಪ್ ದಾಟಿಯೂ ಖರ್ಚು ಮಾಡೋಕೆ ದಾರಿಗಳಿವೆ. ಆದರೆ 2023ರ ಒಪ್ಪಂದ 'ಸೆಕೆಂಡ್ ಏಪ್ರನ್' ಅನ್ನೋ ಹೊಸ ಗೆರೆ ಎಳೆಯಿತು. 2025-26ಕ್ಕೆ ಅದು ಸುಮಾರು 20.78 ಕೋಟಿ. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಟ್ರೇಡ್ ಮಾಡುವ ಹಾಗಿಲ್ಲ, 'ಮಿಡ್‌ಲೆವೆಲ್ ಎಕ್ಸೆಪ್ಷನ್' ಬಳಸಿ ಮಧ್ಯಮ ಸಂಬಳದ ಆಟಗಾರನನ್ನು ತರುವ ಹಾಗಿಲ್ಲ, ಏಳು ವರ್ಷ ಮುಂದಿನ ಡ್ರಾಫ್ಟ್ ಹಕ್ಕನ್ನೂ ಟ್ರೇಡ್‌ಗೆ ಇಡುವ ಹಾಗಿಲ್ಲ.

ಇದರಿಂದ ಆಟಗಾರರ ಒಟ್ಟು ಪಾಲು ಕಡಿಮೆ ಆಗಲ್ಲ. ಮಾಲೀಕರು ನೇರವಾಗಿ ಜೇಬಿಗೆ ಇಳಿಸಿಕೊಂಡರು ಅನ್ನೋದು ಸುಲಭದ ಘೋಷಣೆ, ಆದರೆ ಲೆಕ್ಕ ಹಾಗಿಲ್ಲ. ಬದಲಾಗೋದು ಆ ಪಾಲು ಆಟಗಾರರ ನಡುವೆ ಹಂಚಿಕೆಯಾಗುವ ರೀತಿ. ಮೇಲಿನವರಿಗೆ ಮ್ಯಾಕ್ಸ್, ಕೆಳಗಿನವರಿಗೆ ಕನಿಷ್ಠ ವೇತನ, ನಡುವೆ ಟೊಳ್ಳು. ಆ ನಡುವೆ ನಿಂತವರಲ್ಲಿ ಎಲ್ಲರಿಗಿಂತ ಸುಲಭವಾಗಿ ಬದಲಿ ಸಿಗೋದು ಯಾರಿಗೆ? ಒಳ್ಳೆಯ, ಆದರೆ ಅತ್ಯುತ್ತಮರಲ್ಲದ, ಸಣ್ಣ ಗಾರ್ಡ್‌ಗಳಿಗೆ.

2025ರ ಬೇಸಿಗೆಯ ಪಟ್ಟಿಯನ್ನೇ ನೋಡಿ. ಬ್ರೂಕ್ಲಿನ್ ಪರ ಪಂದ್ಯಕ್ಕೆ 24 ಅಂಕ ಗಳಿಸಿದ್ದ ಕ್ಯಾಮ್ ಥಾಮಸ್ ಕೊನೆಗೆ ಸುಮಾರು 60 ಲಕ್ಷ ಡಾಲರ್‌ನ ಒಂದು ವರ್ಷದ 'ಕ್ವಾಲಿಫೈಯಿಂಗ್ ಆಫರ್'ಗೆ ಒಪ್ಪಿದರು. 2017ರ ಎಂವಿಪಿ ರಸೆಲ್ ವೆಸ್ಟ್‌ಬ್ರೂಕ್ ಅಕ್ಟೋಬರ್‌ವರೆಗೆ ತಂಡವಿಲ್ಲದೆ ಕಾದು, ಕನಿಷ್ಠ ವೇತನಕ್ಕೆ ಸ್ಯಾಕ್ರಮೆಂಟೊ ಸೇರಿದರು. (ಈ ಸ್ಯಾಕ್ರಮೆಂಟೊದ್ದು ಬೇರೆಯೇ ದುರಂತ. ಹ್ಯಾಲಿಬರ್ಟನ್, ಫಾಕ್ಸ್ ಇಬ್ಬರೂ ಒಂದು ಕಾಲಕ್ಕೆ ಅಲ್ಲೇ ಇದ್ದರು. 2022ರಲ್ಲಿ ಒಬ್ಬರನ್ನು ಕೊಟ್ಟರು, 2025ರಲ್ಲಿ ಇನ್ನೊಬ್ಬರನ್ನು.) ಮಿಲ್ವಾಕಿಯ ಡೇಮಿಯನ್ ಲಿಲ್ಲಾರ್ಡ್ ಏಪ್ರಿಲ್‌ನಲ್ಲಿ ಅಕಿಲಿಸ್ ಹರಿದುಕೊಂಡರು, ಜುಲೈನಲ್ಲಿ ತಂಡ ಅವರನ್ನು ಕೈಬಿಟ್ಟು, ಕೊಡಬೇಕಿದ್ದ ಸುಮಾರು 11.3 ಕೋಟಿ ಡಾಲರ್ ಅನ್ನು ಐದು ವರ್ಷಕ್ಕೆ ಹಂಚಿಕೊಂಡು, ಆ ಜಾಗದಲ್ಲಿ ಸೆಂಟರ್ ಆಟಗಾರ ಮೈಲ್ಸ್ ಟರ್ನರ್‌ರನ್ನು ತಂದಿತು. ಲಿಲ್ಲಾರ್ಡ್‌ಗೆ ದುಡ್ಡು ಪೂರ್ತಿ ಸಿಗುತ್ತೆ ಅನ್ನೋದನ್ನೂ ಹೇಳಬೇಕು. ಗಾಯಗೊಂಡರೂ ಒಪ್ಪಂದದ ಹಣ ಕೈತಪ್ಪದ ಹಾಗೆ ನೋಡಿಕೊಂಡದ್ದು ಯೂನಿಯನ್‌ನ ದೊಡ್ಡ ಗೆಲುವು.

ಎಲ್ಲ ಸಣ್ಣ ಗಾರ್ಡ್‌ಗಳಿಗೂ ಹೀಗಾಗಿಲ್ಲ. ಆರಡಿ ಮೂರಿಂಚಿನ ಫಾಕ್ಸ್‌ಗೆ ಸ್ಯಾನ್ ಆಂಟೋನಿಯೊ ನಾಲ್ಕು ವರ್ಷಕ್ಕೆ 22.9 ಕೋಟಿ ಡಾಲರ್ ಕೊಟ್ಟಿತು.

'ಕೋಟಿ ಕೋಟಿ ಎಣಿಸೋರ ಬಗ್ಗೆ ನಮಗ್ಯಾಕೆ ಕಣ್ಣೀರು?' ಅಂತ ನೀವು ಕೇಳಬಹುದು. ಕಣ್ಣೀರು ಬೇಡ, ಲೆಕ್ಕ ಸಾಕು. 2025-26ರಿಂದ ಲೀಗ್‌ಗೆ 11 ವರ್ಷಗಳ ಹೊಸ ಪ್ರಸಾರ ಒಪ್ಪಂದವಿದೆ, ಸುಮಾರು 7,600 ಕೋಟಿ ಡಾಲರ್‌ದು. ಆದರೂ ಕ್ಯಾಪ್ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವ ಹಾಗಿಲ್ಲ. 2002ರಲ್ಲಿ 36 ಕೋಟಿ ಡಾಲರ್‌ಗೆ ಕೈಬದಲಾಗಿದ್ದ ಬಾಸ್ಟನ್ ಸೆಲ್ಟಿಕ್ಸ್ 2025ರಲ್ಲಿ 610 ಕೋಟಿಗೆ ಮಾರಾಟವಾಯಿತು. ಅದೇ ಬೇಸಿಗೆಯಲ್ಲಿ ಅದೇ ಸೆಲ್ಟಿಕ್ಸ್, ಸೆಕೆಂಡ್ ಏಪ್ರನ್‌ನಿಂದ ಕೆಳಗಿಳಿಯೋಕೆ, ಹಿಂದಿನ ವರ್ಷ ಚಾಂಪಿಯನ್ ಆದಾಗ ತಂಡದಲ್ಲಿದ್ದ ಗಾರ್ಡ್ ಜ್ರೂ ಹಾಲಿಡೇಯವರನ್ನು ಪೋರ್ಟ್‌ಲ್ಯಾಂಡ್‌ಗೆ ಕಳಿಸಿತು. ತಂಡದ ಬೆಲೆಗೆ ಮಿತಿಯಿಲ್ಲ, ಆಡುವವರ ಬೆಲೆಗೆ ಮಾತ್ರ ಮಿತಿ.

ಇದೇ ಸಿಟ್ಟಿನಲ್ಲಿ ಜರ್ಮನಿಯ ಪಾಯಿಂಟ್ ಗಾರ್ಡ್ ಡೆನಿಸ್ ಶ್ರೂಡರ್, ಕೆಲವೇ ವಾರಗಳಲ್ಲಿ ತಂಡದಿಂದ ತಂಡಕ್ಕೆ ಎಸೆಯಲ್ಪಟ್ಟಾಗ, ಇದು ಆಧುನಿಕ ಗುಲಾಮಗಿರಿಯ ಥರ ಅಂದಿದ್ದರು. ಆ ಪದ ಇಲ್ಲಿಗೆ ಹೊಂದಲ್ಲ ಅಂತ ನನಗನಿಸುತ್ತೆ. ತಮ್ಮ ಸಂಪಾದನೆ ಚೆನ್ನಾಗಿದೆ ಅಂತ ಅವರೇ ಒಪ್ಪಿದ್ದರು. ಆದರೆ ಅವರು ತೋರಿಸಿದ ಗಾಯ ನಿಜ: ಕೆಲಸ ಎಲ್ಲಿ ಮಾಡಬೇಕು ಅನ್ನೋದರಲ್ಲಿ ಕೆಲಸಗಾರನ ಮಾತೇ ಇಲ್ಲ.

ಹಾಗಾದ್ರೆ ಯೂನಿಯನ್ ಏನು ಮಾಡ್ತಿತ್ತು? 2006ರಿಂದ ಆಟಗಾರರ ಸಂಘದ ಅಧ್ಯಕ್ಷರಾದವರನ್ನು ನೋಡಿ: ಡೆರೆಕ್ ಫಿಶರ್, ಕ್ರಿಸ್ ಪಾಲ್, ಸಿಜೆ ಮೆಕಾಲಮ್, 2025ರ ಜುಲೈಯಿಂದ ಫ್ರೆಡ್ ವ್ಯಾನ್‌ವ್ಲೀಟ್. ನಾಲ್ವರೂ ಗಾರ್ಡ್‌ಗಳು, ನಾಲ್ವರೂ ಆರಡಿ ಮೂರಿಂಚಿನ ಒಳಗಿನವರು. ಅಂಕಣದಲ್ಲಿ ಎಲ್ಲರ ಪರವಾಗಿ ಯೋಚಿಸಿ ರೂಢಿಯಾದವರು ಹೊರಗೂ ಮುಂದಾಳಾಗೋದು ಸಹಜವೇ. ಸೆಕೆಂಡ್ ಏಪ್ರನ್ ಬಂದ 2023ರ ಒಪ್ಪಂದ ಆದದ್ದು ಮೆಕಾಲಮ್ ಅಧ್ಯಕ್ಷತೆಯಲ್ಲಿ. ತಮ್ಮಂಥವರಿಗೇ ಮೊದಲು ತಟ್ಟುವ ನಿಯಮ ಅದು ಅಂತ ಅವರಿಗೆ ಆಗ ಅನಿಸಿತ್ತೋ ಇಲ್ಲವೋ, ತಟ್ಟಿದ್ದಂತೂ ಹೌದು.

ವ್ಯಾನ್‌ವ್ಲೀಟ್ ಕತೆ ಕೇಳಿ. ಆರಡಿ ಎತ್ತರ. 2016ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. 2019ರಲ್ಲಿ ಟೊರಾಂಟೊ ಪರ ಚಾಂಪಿಯನ್. 2025ರ ಬೇಸಿಗೆಯಲ್ಲಿ ಹ್ಯೂಸ್ಟನ್ ಅವರಿಗೆ ಒಂದು ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ಕೊಡಬೇಕಿದ್ದ ಆಯ್ಕೆಯನ್ನು ಬಿಟ್ಟು, ಎರಡು ವರ್ಷಕ್ಕೆ 5 ಕೋಟಿಗೆ ಮತ್ತೆ ಸಹಿ ಮಾಡಿಸಿಕೊಂಡಿತು. ಅದಾದ ಸ್ವಲ್ಪ ದಿನಕ್ಕೆ ಯೂನಿಯನ್ ಅಧ್ಯಕ್ಷರಾದರು. ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ ಹರಿಯಿತು. ಅವರ ಕೆಲಸಕ್ಕೆ ಹ್ಯೂಸ್ಟನ್ ದೊಡ್ಡ ಹೆಸರಿನ ಪಾಯಿಂಟ್ ಗಾರ್ಡನ್ನು ತರಲಿಲ್ಲ. ಆರಡಿ ಏಳಿಂಚಿನ ಏಮನ್ ಥಾಂಪ್ಸನ್ ಕೈಗೆ ಚೆಂಡು ಕೊಟ್ಟು ಸೀಸನ್ ಶುರುಮಾಡಿತು.

ಈಗಿನ ಒಪ್ಪಂದದಿಂದ ಎರಡೂ ಕಡೆಯವರು ಹೊರಬರಬಹುದಾದ ಮೊದಲ ಅವಕಾಶ 2028-29ರ ಸೀಸನ್ ಮುಗಿದಾಗ. ಅದಕ್ಕೂ ಮುಂಚೆ ಯೂನಿಯನ್ ಒಳಗೇ ಒಂದು ಮಾತು ಇತ್ಯರ್ಥ ಆಗಬೇಕು: ಅವರು ಚೌಕಾಸಿಗೆ ಕೂರೋದು ಶೇಯಂಥ ಹತ್ತಿಪ್ಪತ್ತು ಜನರ ಮ್ಯಾಕ್ಸ್ ಸಂಬಳ ಕಾಪಾಡೋಕಾ, ಇಲ್ಲಾ ನಡುವಿನ ನೂರಾರು ಜನರಿಗೆ ಜಾಗ ಮಾಡೋಕಾ? 2025-26ರ ಸೀಸನ್ ಶುರುವಾದಾಗ ಆ ಸಂಘದ ಅಧ್ಯಕ್ಷರು ಮೊಣಕಾಲಿನ ಆರೈಕೆಯಲ್ಲಿದ್ದರು.