ಮೇಜಿನ ಮೇಲಿನ ವಾಗಣಗೇರಾ
ಬೆರಳುದ್ದದ ಸಿಪಾಯಿಗಳಿಗೆ ಬಣ್ಣ ಬಳಿದು ಮೇಜಿನ ಮೇಲೆ ಯುದ್ಧ ಆಡುವ ಹವ್ಯಾಸಿಗಳಿಗೆ ನೆಪೋಲಿಯನ್ ಅಂದರೆ ಪ್ರಾಣ. ಎಚ್.ಜಿ. ವೆಲ್ಸ್ 1913ರಲ್ಲೇ ಈ ಆಟಕ್ಕೆ ನಿಯಮ ಬರೆದು ಪುಸ್ತಕ ಮಾಡಿದ. ಸುರಪುರ ಸೀಮೆಯ ಕೊಡೇಕಲ್ಲಿನ ಹುಡುಗನೊಬ್ಬ ಇದರ ಹುಚ್ಚಿಗೆ ಬಿದ್ದರೆ ವಾಟರ್ಲೂ ತನಕ ಯಾಕೆ ಹೋಗಬೇಕು? ಸುರಪುರದ ಪಕ್ಕದಲ್ಲೇ ವಾಗಣಗೇರಾ ಕೋಟೆ ಇದೆ. 1705ರಲ್ಲಿ ಮುದುಕ ಔರಂಗಜೇಬ ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದು ಆ ಕೋಟೆಗೆ; ಅವನ ಕೊನೆಯ ದಂಡಯಾತ್ರೆ ಅದು. ತಿಂಗಳುಗಟ್ಟಲೆ ಕಾದು ಒಳಹೊಕ್ಕರೆ ಬೇಡರ ನಾಯಕ ಪಿಡ್ಡನಾಯಕ ಕೈಗೆ ಸಿಗದೆ ಜಾರಿಕೊಂಡಿದ್ದ! ಈ ಮುತ್ತಿಗೆಯನ್ನೇ ಮೇಜಿಗೆ ತರಬಹುದು. ಇನ್ನು ಬಣ್ಣದ ಕೆಲಸ. ಬೊಂಬೆಗೆ ಮೊದಲು ಪ್ರೈಮರ್, ಒಣಗಿದ ಮೇಲೆ ಮೂಲಬಣ್ಣ. ಆಮೇಲೆ ನೀರಾಗಿಸಿದ ಕಂದು ಬಣ್ಣ ಹರಿಬಿಟ್ಟರೆ ಅದು ರುಮಾಲಿನ ಮಡಿಕೆಗಳಲ್ಲಿ ತಾನೇ ಇಳಿದು ನೆರಳಾಗುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಅಂಟಿ ಉಳಿದ ತಿಳಿಬಣ್ಣವನ್ನು ಉಬ್ಬಿದ ಕಡೆ ಸವರಿದರೆ ಮುಖದ ಮೇಲೆ ಬಿಸಿಲು ಬಿದ್ದಂತೆ. ಕಾಲಡಿಯ ಬಿಲ್ಲೆಗೆ ಅಂಟು ಹಚ್ಚಿ ಇಲ್ಲಿಯದೇ ಜರಡಿ ಹಿಡಿದ ಮಣ್ಣು ಉದುರಿಸಬೇಕು, ಅಂಗಡಿಯ ಹಸಿರು ಹುಲ್ಲು ಈ ಸೀಮೆಗೆ ಒಪ್ಪುವುದಿಲ್ಲ. ಸೂಕ್ಷ್ಮ ಕುಂಚದ ಕೆಲಸಕ್ಕೇನೂ ಈ ನೆಲ ಹೊಸದಲ್ಲ, ಸುರಪುರದ ಚಿತ್ರಕಲೆಗೆ ಅದರದೇ ಹೆಸರಿದೆ. ಬೇಡರ ಬಂದೂಕಿನವರನ್ನು ಬಂಡೆಗಳ ಹಿಂದೆ ಕೂರಿಸಿದರೆ ಅರ್ಧ ಆಟ ಗೆದ್ದಂತೆ. ಆದರೆ ಔರಂಗಜೇಬನ ಕಡೆ ಆಡಲು ಇಲ್ಲಿ ಯಾರು ಒಪ್ಪುತ್ತಾರೋ, ಚೀಟಿ ಎತ್ತಿಯೇ ನೋಡಬೇಕು.