ಪಟ್ಟಿ ಮಕ್ಕಳದು, ಪಕ್ಕದ ಕುರ್ಚಿ ನಮ್ಮದು

ಪಿಯುಸಿ ಮಕ್ಕಳಿಗೆ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅದಕ್ಕೆ ಪಠ್ಯಪುಸ್ತಕವಿಲ್ಲ, ಟ್ಯೂಷನ್ನೂ ಇಲ್ಲ. ಅದು ಕಾಲೇಜಿಗೆ ಅರ್ಜಿ ತುಂಬುವ ಪರೀಕ್ಷೆ. ಯಾವ ಕೋರ್ಸು, ಯಾವ ಊರು, ಯಾವ ಪ್ರಮಾಣಪತ್ರ, ಕೊನೆಯ ದಿನ ಯಾವುದು? ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತುವ ಮಗುವಿಗೆ ಇದನ್ನೆಲ್ಲ ಹೇಳಿಕೊಡುವವರು ಯಾರು?

ಈ ಕೆಲಸಕ್ಕೆಂದೇ ನಮ್ಮ ಊರಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿದ್ದೇವೆ. ನಿವೃತ್ತ ಪೋಸ್ಟ್ ಮಾಸ್ತರರಿದ್ದಾರೆ, ಬ್ಯಾಂಕಿನಲ್ಲಿ ದುಡಿದ ಅಜ್ಜಿ ಇದ್ದಾರೆ, ಹೋದ ವರ್ಷವಷ್ಟೇ ಕಾಲೇಜು ಸೇರಿದ ಅಕ್ಕ ಅಣ್ಣಂದಿರೂ ಇದ್ದಾರೆ. ಗಣಿತ ಪಾಠ ಮಾಡಿ ನಿವೃತ್ತಳಾದ ನನ್ನ ಪಾಲಿಗೆ ಬಂದಿರುವುದು ಈ ಸ್ವಯಂಸೇವಕರಿಗೆ ತರಬೇತಿ ಕೊಡುವ ಕೆಲಸ. ಮಕ್ಕಳಿಗೆ ಕಲಿಸುವುದು ಸುಲಭ. ದೊಡ್ಡವರಿಗೆ ಕಲಿಸುವುದು ಸ್ವಲ್ಪ ಕಷ್ಟ. ಯಾಕೆಂದರೆ ದೊಡ್ಡವರ ಬಳಿ ಉತ್ತರಗಳು ಮೊದಲೇ ಸಿದ್ಧವಾಗಿರುತ್ತವೆ!

ತರಬೇತಿಯ ಮೊದಲ ದಿನ ನಾನು ಕಂಪ್ಯೂಟರ್ ತೆಗೆಯುವುದಿಲ್ಲ. ಮಿಠಾಯಿಯ ತಟ್ಟೆ ಇಡುತ್ತೇನೆ. ಮಕ್ಕಳೇ, ಈ ಆಟವನ್ನು ನೀವೂ ಮನೆಯಲ್ಲಿ ಆಡಬಹುದು.

ತಟ್ಟೆಯಲ್ಲಿ ಐದು ಮಿಠಾಯಿ: ಎರಡು ಜಿಲೇಬಿ, ಎರಡು ಕೊಬ್ಬರಿ ಮಿಠಾಯಿ, ಒಂದೇ ಒಂದು ಮೈಸೂರು ಪಾಕ್. ಆಡುವವರು ಐದು ಜನ. ಪ್ರತಿಯೊಬ್ಬರೂ ತಮಗೆ ಬೇಕಾದ ಮಿಠಾಯಿಗಳನ್ನು ಒಂದು, ಎರಡು, ಮೂರು ಎಂದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಚೀಟಿ ಎತ್ತಿ ಯಾರು ಒಂದನೇ ರ‍್ಯಾಂಕ್, ಯಾರು ಐದನೇ ರ‍್ಯಾಂಕ್ ಎಂದು ಗೊತ್ತುಮಾಡಬೇಕು. ಒಂದನೇ ರ‍್ಯಾಂಕಿನವರಿಂದ ಹಂಚಿಕೆ ಶುರು. ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ತಟ್ಟೆಯಲ್ಲಿ ಉಳಿದಿರುವ ಮೊದಲ ಮಿಠಾಯಿ ಕೊಡಬೇಕು. ನಂತರ ಎರಡನೆಯವರ ಸರದಿ.

ಒಮ್ಮೆ ಏನಾಯಿತು ಕೇಳಿ. ನಮ್ಮ ಪೋಸ್ಟ್ ಮಾಸ್ತರರಿಗೆ ಮೈಸೂರು ಪಾಕ್ ಅಂದರೆ ಪ್ರಾಣ. ಆದರೆ "ಇರೋದೇ ಒಂದು, ನನ್ನವರೆಗೆ ಎಲ್ಲಿ ಬರುತ್ತೆ" ಎಂದು ಕೊಬ್ಬರಿ ಮಿಠಾಯಿಯನ್ನು ಮೊದಲು ಬರೆದರು. ಅವರಿಗೆ ಬಂದದ್ದು ನಾಲ್ಕನೇ ರ‍್ಯಾಂಕ್. ಮೊದಲ ಮೂವರು ಎರಡು ಜಿಲೇಬಿ, ಒಂದು ಕೊಬ್ಬರಿ ಮಿಠಾಯಿ ತೆಗೆದುಕೊಂಡು ಹೋದರು. ಮೈಸೂರು ಪಾಕ್ ತಟ್ಟೆಯಲ್ಲೇ ಕುಳಿತಿತ್ತು! ಆದರೆ ಮಾಸ್ತರರ ಚೀಟಿಯಲ್ಲಿ ಮೊದಲಿದ್ದದ್ದು ಕೊಬ್ಬರಿ ಮಿಠಾಯಿ. ಅದೂ ಒಂದು ಉಳಿದಿತ್ತು. ಹಾಗಾಗಿ ಅದೇ ಅವರ ಕೈಗೆ ಬಂತು. ಮೈಸೂರು ಪಾಕ್ ಐದನೆಯವರ ಬಾಯಿಗೆ ಹೋಯಿತು.

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್, ಕೃಷಿ, ಪಶುವೈದ್ಯ ಮುಂತಾದ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವುದು ಹೆಚ್ಚು ಕಡಿಮೆ ಹೀಗೆಯೇ. ಮೀಸಲಾತಿಯ ಲೆಕ್ಕ ಜೊತೆಗೆ ಸೇರುತ್ತದೆ, ಆದರೆ ಮೂಲ ಲೆಕ್ಕ ಇದು. ತುಂಬಾ ಆಸೆಯಿರುವುದನ್ನು ಮೊದಲು ಬರೆದರೆ ಏನೂ ನಷ್ಟವಿಲ್ಲ. ಅದು ಸಿಗದಿದ್ದರೆ ಕಂಪ್ಯೂಟರ್ ಎರಡನೆಯದಕ್ಕೆ ಇಳಿಯುತ್ತದೆ, ಅಷ್ಟೆ. ಆದರೆ ತಿನ್ನಲಾರದ ಮಿಠಾಯಿಯನ್ನು ಚೀಟಿಯಲ್ಲಿ ಬರೆಯಬಾರದು. ಬರೆದರೆ ಅದೇ ಬಂದು ಕೈಯಲ್ಲಿ ಕೂರಬಹುದು!

ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಎಂದು ಒಂದು ಇರುತ್ತದೆ. ಅದನ್ನು ನೋಡಿಕೊಂಡು ಪಟ್ಟಿಯ ಕ್ರಮ ಬದಲಿಸಬಹುದು. ಸೀಟು ಬಂದ ಮೇಲೂ ನಾಲ್ಕು ದಾರಿಗಳಿವೆ: ಇದೇ ಸಾಕು ಎನ್ನುವುದು, ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ ಎನ್ನುವುದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಎನ್ನುವುದು, ನನಗೆ ಯಾವುದೂ ಬೇಡ ಎಂದು ಹೊರಬರುವುದು. ಒಂದು ಗುಂಡಿ ಒತ್ತುವ ಮುಂಚೆ ಈ ನಾಲ್ಕರ ಅರ್ಥವನ್ನು ಮಗುವೇ ತನ್ನ ಮಾತಿನಲ್ಲಿ ಹೇಳಬೇಕು. ನಿಯಮಗಳು ಬದಲಾಗಬಹುದಾದ್ದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಜೊತೆಗೆ ಕೂತು ಓದಬೇಕು. ಇದು ನಮ್ಮ ಸ್ವಯಂಸೇವಕರಿಗೆ ಮೊದಲ ನಿಯಮ.

ಎರಡನೆಯ ನಿಯಮ: ಮೌಸ್ ಮಗುವಿನ ಕೈಯಲ್ಲೇ ಇರಬೇಕು. ಪಾಸ್‌ವರ್ಡ್ ಮಗುವಿನದು, ಮೊಬೈಲಿಗೆ ಬರುವ ಒಟಿಪಿಯೂ ಆ ಮನೆಯವರದು. ನಾವು ಕೇಳಬಾರದು, ಬರೆದಿಟ್ಟುಕೊಳ್ಳಲೂಬಾರದು.

ಮೂರನೆಯದು ಕಾಗದಪತ್ರದ ನಿಯಮ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳ ಮೀಸಲಾತಿ ಇದೆ. ಹಳ್ಳಿಯಲ್ಲಿ ಓದಿದೆ ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಸಹಿ ಬೇಕು. ಒಬ್ಬ ಹುಡುಗಿ ಅಪ್ಪನ ಕೂಲಿ ಕೆಲಸದ ಹಿಂದೆ ಅಲೆದು ಮೂರು ಶಾಲೆಗಳಲ್ಲಿ ಓದಿದ್ದಳು. ಅವು ಎರಡು ತಾಲ್ಲೂಕಿನಲ್ಲಿದ್ದವು. "ಬಿಡಿ ಮಿಸ್, ನಂಗೆ ಕೋಟಾ ಬೇಡ" ಎಂದು ಕೈಚೆಲ್ಲಿದ್ದಳು. ನಮ್ಮ ಬ್ಯಾಂಕಿನ ಅಜ್ಜಿ ಅವಳನ್ನು ಕರೆದುಕೊಂಡು ಎರಡು ದಿನ ಬಸ್ಸಿನಲ್ಲಿ ಓಡಾಡಿದರು. ಕಚೇರಿಗಳಲ್ಲಿ ಮಾತಾಡಿದ್ದು ಮಾತ್ರ ಹುಡುಗಿಯೇ. ಅಜ್ಜಿ ಬೆಂಚಿನ ಮೇಲೆ ಬುತ್ತಿ ಹಿಡಿದು ಕೂತಿದ್ದರು. ಮೂರು ಶಾಲೆಗಳ ಪತ್ರವೂ ಸಿಕ್ಕಿತು. ಇನ್ನು ಮುಂದೆ ಆ ಹುಡುಗಿ ಯಾವ ಕಚೇರಿಯ ಬಾಗಿಲಲ್ಲೂ ಹೆದರಿ ನಿಲ್ಲುವುದಿಲ್ಲ.

ನಾಲ್ಕನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು: ಕೇಳಬೇಕು, ಹೇಳಬಾರದು.

ಒಬ್ಬ ಹುಡುಗನ ಜೊತೆ ಕೂತಿದ್ದ ಪೋಸ್ಟ್ ಮಾಸ್ತರರು, "ಕಂಪ್ಯೂಟರ್ ಸೈನ್ಸ್ ಬರಿಯಪ್ಪಾ, ಕೆಲಸ ಬೇಗ ಸಿಗುತ್ತೆ" ಎಂದರು. ಹುಡುಗ ತಲೆಯಾಡಿಸಿದ. ಆದರೆ ಕೈ ಆಡಲಿಲ್ಲ. ಮಾಸ್ತರರು ತರಬೇತಿಯ ಮಾತು ನೆನಪಿಸಿಕೊಂಡು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ನಿಂಗೆ ಹೊತ್ತು ಹೋಗಿದ್ದೇ ಗೊತ್ತಾಗದ ಕೆಲಸ ಯಾವುದಪ್ಪಾ?"

ಹುಡುಗ ಸುಮ್ಮನಿದ್ದ. ಮಾಸ್ತರರೂ ಸುಮ್ಮನಿದ್ದರು. ಕೊನೆಗೆ ಅವನೇ ಹೇಳಿದ: "ತಾತ, ನಾನು ಮರ ಗುರುತು ಹಿಡೀತೀನಿ. ಎಲೆ ನೋಡದೆ ತೊಗಟೆ ನೋಡೇ ಹೇಳ್ತೀನಿ. ಆದ್ರೆ ಅದನ್ನ ಓದೋದಕ್ಕೆ ಕಾಲೇಜು ಎಲ್ಲಿರುತ್ತೆ?"

ಇದೆಯಲ್ಲ! ಶಿರಸಿಯಲ್ಲೂ ಕೊಡಗಿನ ಪೊನ್ನಂಪೇಟೆಯಲ್ಲೂ ಅರಣ್ಯ ಶಾಸ್ತ್ರದ ಕಾಲೇಜುಗಳಿವೆ. ಅದಕ್ಕೂ ಅದೇ ಸಿಇಟಿ ಅರ್ಜಿ. ಮಾರನೇ ದಿನ ಅವನ ಅಮ್ಮನನ್ನೂ ಕರೆಸಿ ಮಾತಾಡಿದೆವು. ಅಷ್ಟು ದೂರ ಕಳಿಸುವುದು ಹೇಗೆ, ಹಾಸ್ಟೆಲ್ ಇದೆಯೇ, ಮುಂದೆ ಕೆಲಸ ಏನು ಎಂದು ಆಕೆ ಕೇಳಿದರು. ಆ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಗೊತ್ತಿದ್ದಕ್ಕೆ ಉತ್ತರ ಕೊಟ್ಟೆವು. ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ಕಾಲೇಜಿಗೆ ಫೋನ್ ಮಾಡಿದೆವು. ಕೊನೆಗೆ ಆಕೆ, "ಅವನ ಮನಸ್ಸಿದ್ದಲ್ಲಿ ಓದ್ಲಿ" ಎಂದರು. ಹುಡುಗ ಅವೆರಡನ್ನು ಮೇಲೆ ಬರೆದ, ಕೆಳಗೆ ಹತ್ತಿರದ ಊರಿನ ಎಂಜಿನಿಯರಿಂಗ್ ಕಾಲೇಜುಗಳನ್ನೂ ಬರೆದ. ಈಗ ಅವನು ಪೊನ್ನಂಪೇಟೆಯಲ್ಲಿ ಓದುತ್ತಿದ್ದಾನೆ.

ಎಲ್ಲರಿಗೂ ಹೀಗೆ ಬೇಕಾದದ್ದೇ ಸಿಗುತ್ತದೆ ಎಂದು ಹೇಳಲಾರೆ. ರ‍್ಯಾಂಕು ಸಾಲದೆ ಮೂರನೆಯ, ಹತ್ತನೆಯ ಆಯ್ಕೆಗೆ ಹೋದವರೂ ಇದ್ದಾರೆ. ಆದರೆ ತಾನೇ ಬರೆದ ಹತ್ತನೆಯದು ಬೇರೆ, ಬೇರೆಯವರು ಬರೆಸಿದ ಮೊದಲನೆಯದು ಬೇರೆ. ಮಳೆಯಲ್ಲಿ ಬಸ್ಸಿಗೆ ಕಾದು ಆ ಕಾಲೇಜಿಗೆ ಹೋಗಬೇಕಾದವರು ಮಕ್ಕಳೇ ಹೊರತು ನಾವಲ್ಲ.

ಅಜ್ಜ ಅಜ್ಜಿಯರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮಗು ಇರಬಹುದು. ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. ಪುಸ್ತಿಕೆಯನ್ನು ಗಟ್ಟಿಯಾಗಿ ಓದಿ, ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಕೂತರೆ ಅರ್ಧ ಕೆಲಸ ಆದಂತೆ.

ಮಕ್ಕಳೇ, ನೀವಿನ್ನೂ ಆರನೆಯಲ್ಲೋ ಏಳನೆಯಲ್ಲೋ ಇದ್ದರೂ ಇವತ್ತೇ ಒಂದು ಕೆಲಸ ಮಾಡಿ. ಒಂದು ಫೈಲು ತೆಗೆದುಕೊಂಡು, ಓದಿದ ಶಾಲೆಗಳ ಹೆಸರು, ಯಾವ ತರಗತಿ, ಯಾವ ವರ್ಷ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಶಾಲೆಯ ದಾಖಲೆಯಲ್ಲಿರುವ ಹೆಸರು, ಇನಿಷಿಯಲ್ ಆಧಾರ್ ಕಾರ್ಡಿನಲ್ಲೂ ಹಾಗೆಯೇ ಇದೆಯೇ ಎಂದು ಹೋಲಿಸಿ ನೋಡಿ. ಈ ಭಾನುವಾರ ಮಿಠಾಯಿ ಆಟ ಆಡುವಾಗ ನಿಮ್ಮ ಚೀಟಿಯನ್ನು ನೀವೇ ಬರೆಯಿರಿ. ಅಜ್ಜಿ ಇಣುಕಿ ನೋಡಿ "ಜಿಲೇಬಿ ಬರಿಯೋ" ಎಂದರೆ ನಕ್ಕು, ನಿಮಗೆ ಬೇಕಾದದ್ದನ್ನೇ ಬರೆಯಿರಿ.