ಪುಟ್ಟ ಸ್ಟೇಷನ್ನಿಗೆ ಊರಿನ ಬಣ್ಣ

ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ಲೈವುಡ್ ಹಲಗೆಯ ಮೇಲೆ ಪುಟಾಣಿ ರೈಲು ಓಡಿಸುತ್ತಾನೆ ಎಂದಿಟ್ಟುಕೊಳ್ಳೋಣ. ಎಂಜಿನ್, ಹಳಿ, ಎರಡು ಬೋಗಿ ಮುಂಬಯಿಯ ಚಿಕ್ಕಪ್ಪ ತಂದುಕೊಟ್ಟದ್ದು. ಉಳಿದುದೆಲ್ಲ ಅವನ ಕೈಕೆಲಸ. ರಟ್ಟಿನ ಸ್ಟೇಷನ್, ಅದರ ಹಿಂದೆ ಒಂದು ಹಂಚಿನ ಮನೆ, ಕೆಂಪುಕಲ್ಲಿನ ಪಾಗಾರ, ಎರಡು ತೆಂಗಿನ ಮರ. ಪ್ಲಾಟ್‌ಫಾರ್ಮಿನಲ್ಲಿ ಬೆಂಚು, ಮರಳು ತುಂಬಿದ ಬಕೆಟು, ಟ್ರಂಕು, ಮೀನಿನ ಬುಟ್ಟಿ. ಹಳದಿ ಹಲಗೆಯ ಮೇಲೆ ‘ಉಡುಪಿ’ ಎಂದು ಮೂರು ಲಿಪಿಯಲ್ಲಿ ಬರೆದೂ ಆಗಿದೆ. ಹಂಚಿಗೆ ಕೆಂಪು, ಮರಕ್ಕೆ ಹಸಿರು, ಗೋಡೆಗೆ ಬಿಳಿ, ಬಕೆಟಿಗೆ ಮತ್ತೆ ಕೆಂಪು. ಎಲ್ಲಿಯೂ ಬಣ್ಣ ಗೆರೆ ದಾಟಿಲ್ಲ. ಆದರೂ ನೋಡಿದವರು “ಆಟಿಕೆ ಚೆಂದ ಉಂಟು ಮಾರಾಯ” ಎಂದು ಬೆನ್ನು ತಟ್ಟಿ ಹೋಗುತ್ತಾರೆ. ಅವನಿಗೆ ಬೇಕಾದದ್ದು ಆ ಮಾತಲ್ಲ. “ಇದು ನಮ್ಮ ಇಂದ್ರಾಳಿಯಲ್ವಾ?” ಎಂದು ಒಬ್ಬರಾದರೂ ಬಗ್ಗಿ ನೋಡಬೇಕಿತ್ತು.

ಕೈಯಲ್ಲಿ ದೋಷವಿಲ್ಲ. ಹುಡುಗ ಬಣ್ಣ ಹಚ್ಚುವಾಗ ವಸ್ತುವನ್ನು ನೋಡಲಿಲ್ಲ, ಅದರ ಬಣ್ಣದ ಹೆಸರನ್ನು ನೆನಪಿಸಿಕೊಂಡ, ಅಷ್ಟೆ. ಹಂಚು ಕೆಂಪು ಎಂದು ಒಂದನೇ ತರಗತಿಯಲ್ಲಿ ಕಲಿತದ್ದು ಕುಂಚದ ತುದಿಗೆ ಬಂದು ಕೂತಿತು.

ಕರಾವಳಿಯ ಹಂಚು ನಿಜವಾಗಿ ಕೆಂಪೇ? ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹಂಚು ಊರೂರಿಗೆ ಹಬ್ಬಿತು. ಗೂಡಿನಿಂದ ಇಳಿದ ದಿನ ಅದರ ಬಣ್ಣ ಕಿತ್ತಳೆಗೆ ಹತ್ತಿರದ ಕೆಂಪು. ಆಮೇಲೆ ಅದರ ಮೇಲೆ ಬೀಳುವುದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಂದಾಗಿ, ಕಪ್ಪಾಗಿ, ಮರದ ನೆರಳು ಬೀಳುವ ಕಡೆ ಹಾವಸೆ ಹಿಡಿದು ಹಸಿರಾಗುತ್ತದೆ. ತೆಂಗಿನಕಾಯಿ ಬಿದ್ದು ಒಡೆದಲ್ಲಿ ಹಾಕಿದ ಹೊಸ ಹಂಚು ಮಾತ್ರ ಹೊಳೆಯುತ್ತದೆ. ಮಾಡಿನಲ್ಲಿ ಅಂಥ ಮೂರು ಹಂಚುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ ಸಾಕು, ಆ ಮನೆಯಲ್ಲಿ ಜನ ವಾಸವಾಗಿದ್ದಾರೆ ಎಂದು ಗೊತ್ತಾಗುತ್ತದೆ.

ಕೆಂಪುಕಲ್ಲಿನ ಕಥೆಯೂ ಇದೇ. ಮಣಿಪಾಲದಲ್ಲಿ ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಐದು ನಿಮಿಷ ನಿಂತು ನೋಡಬೇಕು. ಹೊಸದಾಗಿ ಕಡಿದ ಕಲ್ಲಿನಲ್ಲಿ ಕೆಂಪಿನ ಜತೆಗೆ ಅರಸಿನ ಬಣ್ಣದ ಕಲೆ, ಬೂದು-ಬಿಳಿ ಚುಕ್ಕೆ, ತೂತು ತೂತುಗಳೊಳಗೆ ಕತ್ತಲು. ಗಾಳಿಗೆ ಒಡ್ಡಿದ ಮೇಲೆ ಅದೇ ಕಲ್ಲು ಗಟ್ಟಿಯಾಗುತ್ತ ಗಾಢವಾಗುತ್ತದೆ. ಹಳೆಯ ಪಾಗಾರದ ನೆತ್ತಿಯಂತೂ ಮಳೆನೀರು ನಿಂತು ನಿಂತು ಕಾಡಿಗೆ ಕಪ್ಪು. (ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಾಡಿ, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಬಣ್ಣ ಹಚ್ಚುವವರಿಗೆ ಆ ಹೆಸರಿನಿಂದ ಉಪಕಾರವಿಲ್ಲ. ಇಟ್ಟಿಗೆಯ ಬಣ್ಣ ಬಳಿದರೆ ಪಾಗಾರ ಕೆಡುತ್ತದೆ.) ಸುಣ್ಣ ಬಳಿದ ಗೋಡೆಯ ಬುಡವನ್ನೂ ಗಮನಿಸಬೇಕು. ಮಾಡಿನ ನೀರು ಅಂಗಳದ ಕೆಮ್ಮಣ್ಣಿಗೆ ಬಿದ್ದು ಸಿಡಿದು, ನೆಲದಿಂದ ಒಂದಡಿ ಎತ್ತರದವರೆಗೆ ಗೋಡೆ ಕೆಂಪಾಗಿರುತ್ತದೆ. ಮಾದರಿಯಲ್ಲಿ ಆ ಒಂದಡಿ ಎಂದರೆ ಮೂರೂವರೆ ಮಿಲಿಮೀಟರ್.

ಈ ಲೆಕ್ಕ ಹೇಗೆ? ಹೆಚ್ಚು ಬಳಕೆಯಲ್ಲಿರುವ ಎಚ್.ಓ. ಎಂಬ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಪಾಲು. 165 ಸೆಂಟಿಮೀಟರ್ ಎತ್ತರದ ಮನುಷ್ಯ 19 ಮಿಲಿಮೀಟರ್ ಆಗುತ್ತಾನೆ. ಬಕೆಟು ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್, ಅದು ಯುರೋಪಿನ 1435 ಮಿಲಿಮೀಟರ್ ಹಳಿಗೆ ಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಆದ್ದರಿಂದ ಸರಿಯಾಗಿ 19 ಮಿಲಿಮೀಟರಿಗೂ ತುಸು ಹೆಚ್ಚು ಇರಬೇಕಿತ್ತು. ಅಷ್ಟು ಸಣ್ಣ ಕೊರತೆಯನ್ನು ಕಣ್ಣು ಕ್ಷಮಿಸುತ್ತದೆ. ಬಣ್ಣದ ತಪ್ಪನ್ನು ಕ್ಷಮಿಸುವುದಿಲ್ಲ.

ಮೊದಲ ತಪ್ಪು ಹೊಳಪು. ಎನಾಮಲ್ ಬಳಿದ ಮೂರೂವರೆ ಮಿಲಿಮೀಟರ್ ಬಕೆಟಿನ ಮೇಲೆ ಮನೆಯ ಟ್ಯೂಬ್‌ಲೈಟು ಮಿನುಗಿದರೆ ಅದು ಬಕೆಟಲ್ಲ, ಮಣಿ. ಆದುದರಿಂದ ಹೊಳಪಿಲ್ಲದ, ಮ್ಯಾಟ್ ಬಣ್ಣವೇ ಬೇಕು. ಎರಡನೆಯದು ಅಪ್ಪಟ ಕಪ್ಪು ಮತ್ತು ಅಪ್ಪಟ ಬಿಳಿ. ಬಿಸಿಲಿನಲ್ಲಿ ಕಾಣುವ ಬಣ್ಣ ಮನೆಯೊಳಗಿನ ಸಣ್ಣ ವಸ್ತುವಿನ ಮೇಲೆ ಹೆಚ್ಚು ಗಾಢವಾಗಿ ತೋರುತ್ತದೆ. ಕಪ್ಪಿನ ಬದಲು ಕಡುಬೂದು, ಬಿಳಿಯ ಬದಲು ಕೆನೆಬಣ್ಣ, ಉಳಿದವಕ್ಕೆಲ್ಲ ಒಂದಿಷ್ಟು ತಿಳಿಬೂದು ಬೆರೆಸಿದರೆ ಸರಿಹೋಗುತ್ತದೆ. ಯಕ್ಷಗಾನದ ವೇಷಕ್ಕೆ ಇದರ ತದ್ವಿರುದ್ಧ: ದೂರದ ಗದ್ದೆಯಲ್ಲಿ ಕೂತವರಿಗೂ ದೀಪದ ಬೆಳಕಿನಲ್ಲಿ ಕಾಣಬೇಕೆಂದು ಅಲ್ಲಿ ಬಣ್ಣ ಕೂಗಿ ಹೇಳುತ್ತದೆ. ಪುಟ್ಟ ಸ್ಟೇಷನ್ನಿನಲ್ಲಿ ಬಣ್ಣ ಪಿಸುಗುಟ್ಟಬೇಕು.

ಇನ್ನು ಕೆಲಸದ ಕ್ರಮ. ಎಲ್ಲಕ್ಕೂ ಮೊದಲು ತಿಳಿಬೂದು ಬಣ್ಣದ ಒಂದು ತೆಳು ಪದರ. ಒಣಗಿದ ಮೇಲೆ ವಸ್ತುವಿನ ಮೂಲ ಬಣ್ಣ. ಅದೂ ಒಣಗಿದ ಮೇಲೆ ‘ವಾಶ್’: ಕಡುಕಂದು ಬಣ್ಣವನ್ನು ಹಾಲು ಹಾಕದ ಚಹಾದಷ್ಟು ತೆಳ್ಳಗೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಬೆರೆಸಿ ಇಡೀ ವಸ್ತುವಿನ ಮೇಲೆ ಹರಿಯಬಿಡುವುದು. ಅದು ಕಲ್ಲಿನ ಸಂದು, ಬುಟ್ಟಿಯ ಹೆಣಿಗೆ, ಬೆಂಚಿನ ಪಟ್ಟಿಗಳ ನಡುವೆ ಇಳಿದು ಅಲ್ಲೇ ನಿಂತು ನೆರಳಾಗುತ್ತದೆ. ಕೊನೆಗೆ ಒಣಕುಂಚದ ಕೆಲಸ. ಸವೆದ ಚಪ್ಪಟೆ ಕುಂಚವನ್ನು ತಿಳಿಬಣ್ಣದಲ್ಲಿ ಅದ್ದಿ, ಹಳೆಯ ಪೇಪರಿಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಉಳಿದಿಲ್ಲ ಎಂದು ತೋರಿದಾಗ ವಸ್ತುವಿನ ಮೇಲೆ ಹಗುರವಾಗಿ ಸವರಬೇಕು. ಉಬ್ಬಿದ ಅಂಚುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಬೆರಳುಗುರಿನಷ್ಟೂ ಇಲ್ಲದ ಬುಟ್ಟಿಯ ಬೆತ್ತದ ಎಳೆಗಳು ಒಂದೊಂದಾಗಿ ಎದ್ದು ಬರುವುದನ್ನು ಮೊದಲ ಸಲ ನೋಡಿದ ಮಕ್ಕಳು ಊಟಕ್ಕೆ ಕರೆದರೂ ಏಳುವುದಿಲ್ಲ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಹೆತ್ತವರು ಈ ಘಟ್ಟವನ್ನು ರಜೆಗೆ ಮುಂದೂಡುವುದು ಲೇಸು.

ಇಲ್ಲಿ ಕೆಲಸ ಕೆಡುವ ಎರಡು ಜಾಗಗಳಿವೆ. ಪೋಸ್ಟರ್ ಕಲರ್ ನೀರಿಗೆ ಕರಗುವುದರಿಂದ ಅದರ ಮೇಲೆ ವಾಶ್ ಹಾಕಿದರೆ ಕೆಳಗಿನ ಬಣ್ಣವೂ ಎದ್ದು ಕೆಸರಾಗುತ್ತದೆ. ತಳಕ್ಕೆ ಆಕ್ರಿಲಿಕ್ ಬಣ್ಣವೇ ಆಗಬೇಕು. ಪೋಸ್ಟರ್ ಕಲರನ್ನು ಕೊನೆಯಲ್ಲಿ ಧೂಳು ತೋರಿಸಲು ಇಟ್ಟುಕೊಳ್ಳಬಹುದು, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಇನ್ನೊಂದು, ಥರ್ಮೊಕೋಲ್. ಸ್ಪ್ರೇ ಬಣ್ಣ, ನೇಲ್ ಪಾಲಿಶ್, ಥಿನ್ನರ್ ತಗಲಿದರೆ ಅದು ಕರಗಿ ಗುಹೆಯಾಗುತ್ತದೆ. ವಾರಗಟ್ಟಲೆ ಕೆತ್ತಿದ ಗುಡ್ಡ ಹೀಗೆ ಅರ್ಧ ನಿಮಿಷದಲ್ಲಿ ಹೋಗುವುದುಂಟು. ಅಂಥ ದ್ರಾವಣಗಳನ್ನು ಹೇಗೂ ಕಿಟಕಿ ತೆರೆದಿಟ್ಟು, ದೊಡ್ಡವರ ಎದುರಿನಲ್ಲೇ ಬಳಸಬೇಕು.

ಜಲ್ಲಿಯ ವಿಷಯಕ್ಕೆ ಕಾರ್ಕಳಕ್ಕೆ ಹೋಗಬೇಕು. ಅಲ್ಲಿಗೆ ರೈಲಿಲ್ಲ, ಆದರೆ ಕಲ್ಲಿದೆ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನ ಬೆಟ್ಟ ಹತ್ತುವಾಗ ಕಾಲ ಕೆಳಗಿನ ಬಂಡೆಯನ್ನು ನೋಡಿದರೆ ಬೂದು ಎಂಬ ಒಂದೇ ಪದ ಎಷ್ಟು ಬಡವಾದದ್ದೆಂದು ತಿಳಿಯುತ್ತದೆ: ನೀರು ಹರಿದ ದಾರಿಯಲ್ಲಿ ಕಪ್ಪು ಪಟ್ಟೆ, ಅದರ ಪಕ್ಕ ಬಿಳಿಚಿದ ಮಚ್ಚೆ, ಬಿರುಕಿನಲ್ಲಿ ಒಣಹುಲ್ಲು. ರೈಲು ಹಾದಿಯ ಜಲ್ಲಿಯೂ ಇಂಥ ಗಟ್ಟಿ ಬೂದುಗಲ್ಲೇ ಹೊರತು ಕೆಂಪುಕಲ್ಲಲ್ಲ. ಅದರ ಗಾತ್ರ ಹೆಚ್ಚೆಂದರೆ 65 ಮಿಲಿಮೀಟರ್, ಮಾದರಿಯಲ್ಲಿ ಮುಕ್ಕಾಲು ಮಿಲಿಮೀಟರ್. ಅಂದರೆ ಜರಡಿ ಹಿಡಿದ ಜಲ್ಲಿಹುಡಿ. ಮಕ್ಕಳು ಅಕ್ವೇರಿಯಮ್ಮಿನ ಕಲ್ಲು ಸುರಿದು ಹಳಿಯನ್ನು ಬಂಡೆಗಳ ಮೇಲೆ ಕೂರಿಸಿಬಿಡುತ್ತಾರೆ. ಕೊಂಕಣ ರೈಲ್ವೆಯ ಸ್ಲೀಪರುಗಳು ಕಾಂಕ್ರೀಟಿನವು, ಅವಕ್ಕೆ ಮರದ ಕಂದು ಬೇಡ. ಹಳಿಯ ಬದಿಗೆ ತುಕ್ಕಿನ ಕಂದು, ಚಕ್ರ ಉರುಳುವ ನೆತ್ತಿಗೆ ಮಾತ್ರ ಬೆಳ್ಳಿ; ಹಳಿಗಳ ನಡುವಿನ ಜಲ್ಲಿಗೆ ಕಬ್ಬಿಣದ ಧೂಳಿನ ಕಂದು ಛಾಯೆ.

ಕಾಪುವಿನ ದೀಪಸ್ತಂಭವನ್ನೂ ಸೇರಿಸುವ ಆಸೆ ಯಾರಿಗಿರುವುದಿಲ್ಲ? 1901ರಲ್ಲಿ ಕಟ್ಟಿದ ಅದರ ಎತ್ತರ 27.12 ಮೀಟರ್, ಅಳತೆಗೆ ತಂದರೆ 31 ಸೆಂಟಿಮೀಟರ್. ಆದರೆ ಕಾಪುವಿಗೆ ಹತ್ತಿರದ ಇನ್ನಂಜೆ ಸ್ಟೇಷನ್ನಿನಿಂದಲೂ ಕಡಲು ಸಾಕಷ್ಟು ದೂರ. ಹಾಗಾಗಿ ಅದನ್ನು ಹಲಗೆಯ ಹಿಂದಿನ ಅಂಚಿನಲ್ಲಿ ಅರ್ಧ ಗಾತ್ರಕ್ಕೆ ಇಳಿಸಿ, ಬಣ್ಣಕ್ಕೆ ಬಾನಿನ ನೀಲಿ ಬೆರೆಸಿ ಮಂಕಾಗಿಸಬೇಕು. ಆಗ ನಡುವೆ ಇಲ್ಲದ ಗದ್ದೆ, ತೋಟಗಳೆಲ್ಲ ಇದ್ದಂತೆ ತೋರುತ್ತದೆ. ಕಡಲತಡಿಯ ಕಬ್ಬಿಣಕ್ಕೆ ಉಪ್ಪುಗಾಳಿಯ ತುಕ್ಕು. ಅದು ಮೊಳೆಯ ತಲೆಯಿಂದ ಹೊರಟು ಯಾವಾಗಲೂ ಕೆಳಕ್ಕೇ ಇಳಿಯುತ್ತದೆ. ಹೊಳಪಿಗೆ ಅವಕಾಶವಿರುವುದು ಮೀನಿನ ಬುಟ್ಟಿಯಲ್ಲಿ. ಗೇಣುದ್ದವೂ ಇಲ್ಲದ ಬೂತಾಯಿ ಇಲ್ಲಿ ಎರಡು ಮಿಲಿಮೀಟರ್ ಕೂಡ ಇರದು. ಕಡುನೀಲಿಯ ಮೇಲೆ ಬೆಳ್ಳಿಯ ಗೀರು, ಮೇಲೊಂದು ತೊಟ್ಟು ವಾರ್ನಿಶ್. ಒದ್ದೆ ಮೀನು ತಯಾರು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಸ್ಟೇಷನ್ ಯಾವ ವರ್ಷದ್ದು? ಮಂಗಳೂರು-ಉಡುಪಿ ನಡುವೆ ಕೊಂಕಣ ರೈಲ್ವೆಯ ಮೊದಲ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. 2022ರಲ್ಲಿ ವಿದ್ಯುದೀಕರಣ ಮುಗಿಯಿತು. ಹಳಿಯ ಮೇಲೆ ತಂತಿ, ಬದಿಯಲ್ಲಿ ಕಂಬ ಬಂದರೆ ಇಂದಿನ ಉಡುಪಿ. ಹುಡುಗ 1993ನ್ನು ಆರಿಸಿಕೊಂಡರೆ ಕಂಬ ಬೇಡ, ಡೀಸೆಲ್ ಎಂಜಿನ್ ಬೇಕು, ಮತ್ತು ಲೆಕ್ಕ ತಿರುಗಿಬೀಳುತ್ತದೆ. ಆಗ ಸ್ಟೇಷನ್ ಹೊಚ್ಚಹೊಸತು. ಅದರ ಗೋಡೆಯಲ್ಲಿ ಹಾವಸೆ ತೋರಿಸಿದರೆ ಅದು ಸುಳ್ಳು. ಮಳೆ ತಿಂದ ಬಣ್ಣವೆಲ್ಲ ಹಿಂದಿನ ಹಂಚಿನ ಮನೆಗೆ, ಪಾಗಾರಕ್ಕೆ, ಪ್ರಯಾಣಿಕರ ಸಾಮಾನಿಗೆ. ಹಲಗೆಯ ಮೇಲಿನ ಒಂದೊಂದು ವಸ್ತುವಿನ ವಯಸ್ಸನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಕೇಳುವುದು ಯಾರನ್ನು? ಆ ವರ್ಷ ತಾನೇ ಹುಡುಗನಾಗಿದ್ದ ಅಪ್ಪನನ್ನು. ‘ಏನು ಮಕ್ಕಳಾಟ’ ಎಂದು ದೂರವೇ ಇದ್ದ ಅಪ್ಪ, ಪ್ಲಾಟ್‌ಫಾರ್ಮಿನಲ್ಲಿ ಮಗ ಇಟ್ಟ ಕಡುನೀಲಿ ಟ್ರಂಕನ್ನು ನೋಡಿ, “ಟ್ರಂಕು ಹೀಗಿರಲಿಲ್ಲ” ಎನ್ನುತ್ತಾನೆ. ಹೇಗಿತ್ತೆಂದು ಹೇಳಲು ಹೋಗಿ ಮಾತು ಸಾಲದೆ ಅಟ್ಟಕ್ಕೆ ಏಣಿ ಇಡುತ್ತಾನೆ. ಹಾಸ್ಟೆಲಿಗೆ ಒಯ್ದಿದ್ದ ಹಸಿರು ಟ್ರಂಕು ಕೆಳಗಿಳಿಯುತ್ತದೆ. ಮೂಲೆಗಳಲ್ಲಿ ಬಣ್ಣ ಸವೆದು ತಗಡು ಕಾಣುತ್ತಿದೆ, ಹಿಡಿಯ ಸುತ್ತ ತುಕ್ಕು, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಬರೆದ ಹೆಸರು ಅರ್ಧ ಅಳಿಸಿದೆ. ಹುಡುಗ ಟೇಪು ಹಿಡಿಯುತ್ತಾನೆ. 75 ಸೆಂಟಿಮೀಟರ್. 87ರಿಂದ ಭಾಗಿಸಿದರೆ ಎಂಟೂವರೆ ಮಿಲಿಮೀಟರಿಗೆ ತುಸು ಹೆಚ್ಚು. “ಹೆಸರು ಬರೆಯಲು ಜಾಗ ಸಾಲದು” ಎನ್ನುತ್ತಾನೆ ಮಗ. “ಒಂದು ಬಿಳಿ ಗೀರು ಎಳೆ, ಸಾಕು” ಎನ್ನುತ್ತಾನೆ ಅಪ್ಪ, ಕುರ್ಚಿ ಎಳೆದುಕೊಂಡು ಕೂರುತ್ತ.